ತಲೆಬುರುಡೆಗೆ ಮುಖ ಕಟ್ಟುವುದನ್ನೇ ವೃತ್ತಿ ಮಾಡಿಕೊಳ್ಳಬಹುದೇ?

ಪುಣೆಯಲ್ಲಿ ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದೀರಿ, ಊರು ಗದಗ. ತಲೆಬುರುಡೆಯಿಂದ ಸತ್ತವರ ಮುಖವನ್ನು ಮರಳಿ ರೂಪಿಸುವ ಮಾನವಶಾಸ್ತ್ರಜ್ಞರಾಗಬೇಕೆಂದು ಆಸೆ. ಅದರಲ್ಲಿ ಹೊಟ್ಟೆ ತುಂಬುತ್ತದೆಯೇ, ಏನು ಓದಬೇಕು, 'ಹೆಣದ ಕೆಲಸ' ಎಂದು ಮುಖ ಸಿಂಡರಿಸುವ ಮನೆಯವರಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ. ನಾನೂ ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿದವಳು. ನನಗೆ ಸಂಬಳ ಬರುವುದು ಪಾಠ ಹೇಳುವುದಕ್ಕೆ. ಪೊಲೀಸರು ಕಳಿಸುವ ಮೂಳೆಗಳನ್ನು ಪರೀಕ್ಷಿಸುವುದು ಅದರ ಜೊತೆಗಿನ ಕೆಲಸ. ಮುಖ ಕಟ್ಟುವ ಸಂದರ್ಭ ಅದರಲ್ಲೂ ಅಪರೂಪಕ್ಕೊಮ್ಮೆ ಬರುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ ಇಲ್ಲಿಯೇ ಮುಕ್ಕಾಲು ಉತ್ತರ ಸಿಕ್ಕಿತು.

ಮುಖ ಕಟ್ಟುವುದಕ್ಕೆಂದೇ ಮೀಸಲಾದ ಹುದ್ದೆಯನ್ನು ನಮ್ಮಲ್ಲಿ ನಾನು ಕಂಡಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯಗಳ ನೇಮಕಾತಿ ಜಾಹೀರಾತುಗಳನ್ನು ನೋಡಿ: ರಸಾಯನಶಾಸ್ತ್ರ, ಜೀವಶಾಸ್ತ್ರ, ವಿಷವಿಜ್ಞಾನ, ಡಿಎನ್‌ಎ, ಸೈಬರ್. ಕಾಡಿನಲ್ಲೋ ಘಾಟಿಯ ಇಳಿಜಾರಿನಲ್ಲೋ ಅಸ್ಥಿಪಂಜರ ಸಿಕ್ಕರೆ ಪಂಚನಾಮೆಯಾಗಿ ಅದು ಮೊದಲು ನ್ಯಾಯವೈದ್ಯಶಾಸ್ತ್ರದ ವೈದ್ಯರ ಮೇಜಿಗೆ ಹೋಗುತ್ತದೆ. ಕಾಣೆಯಾದ ಇಂಥವರದೇ ಇರಬಹುದು ಎಂಬ ಅನುಮಾನವಿದ್ದರೆ ಅವರ ಛಾಯಾಚಿತ್ರವನ್ನು ಬುರುಡೆಯ ಚಿತ್ರದ ಮೇಲೆ ಹೊಂದಿಸಿ ನೋಡುತ್ತಾರೆ. ಇದನ್ನು ಸೂಪರ್‌ಇಂಪೊಸಿಷನ್ ಎನ್ನುತ್ತಾರೆ. ಬ್ರಿಟನ್ನಿನಲ್ಲಿ 1935ರ ರಕ್ಸ್‌ಟನ್ ಕೊಲೆ ಪ್ರಕರಣದಿಂದ ಹೆಸರಾದ ಈ ವಿಧಾನವನ್ನು ನಮ್ಮ ಸುಪ್ರೀಂ ಕೋರ್ಟ್ ರಾಮಲೋಚನ್ ಪ್ರಕರಣದಲ್ಲಿ, ಅಂದರೆ 1963ರಷ್ಟು ಹಿಂದೆಯೇ, ಪುರಾವೆಯಾಗಿ ಒಪ್ಪಿಕೊಂಡಿದೆ. ರಕ್ತಸಂಬಂಧಿಗಳು ಸಿಕ್ಕರಂತೂ ಡಿಎನ್‌ಎ ಇದ್ದೇ ಇದೆ. ಇವೆರಡಕ್ಕೂ ದಾರಿಯಿಲ್ಲದಾಗ, ಸತ್ತವರು ಯಾರಿರಬಹುದು ಎಂಬ ಊಹೆಯೂ ಇಲ್ಲದಾಗ ಮಾತ್ರ ಮುಖ ಕಟ್ಟುವ ಮಾತು ಬರುತ್ತದೆ.

ಕಟ್ಟಿದ ಮುಖದಿಂದ ಯಾರ ಗುರುತೂ ಸಾಬೀತಾಗುವುದಿಲ್ಲ. ಅದನ್ನು ಪತ್ರಿಕೆಯಲ್ಲೋ ಠಾಣೆಯ ಫಲಕದಲ್ಲೋ ಹಾಕುವುದು, ನೋಡಿದವರಲ್ಲಿ ಒಬ್ಬರಾದರೂ 'ಇದು ನಮ್ಮ ಅಣ್ಣನ ಹಾಗಿದೆಯಲ್ಲ' ಎಂದು ಬರಲಿ ಎಂದು. ಅವರು ಬಂದ ಮೇಲೆ ಡಿಎನ್‌ಎಯೋ ಹಲ್ಲಿನ ದಾಖಲೆಯೋ ತೀರ್ಮಾನ ಹೇಳುತ್ತದೆ. ಟಿವಿ ಧಾರಾವಾಹಿಗಳಲ್ಲಿ ಪರದೆಯ ಮೇಲೆ ಮುಖ ಮೂಡಿದ ಕೂಡಲೇ ಕೊಲೆಗಾರ ಸಿಕ್ಕಿಬೀಳುವುದನ್ನು ಕಂಡು ಈ ಕಡೆಗೆ ಬರುವ ವಿದ್ಯಾರ್ಥಿಗಳು ಮೊದಲ ಸೆಮಿಸ್ಟರ್ ಮುಗಿಯುವುದರೊಳಗೇ ಬೇಸತ್ತುಬಿಡುತ್ತಾರೆ.

ಹಾಗೆಂದು ಕೆಲಸದ ಸೊಗಸು ಕಡಿಮೆಯೇನಲ್ಲ. ಮೊದಲು ಸೊಂಟದ ಮೂಳೆ, ಹುಬ್ಬಿನ ಏಣು, ಕಿವಿಯ ಹಿಂದಿನ ಮೂಳೆಯ ಉಬ್ಬು ನೋಡಿ ಗಂಡೋ ಹೆಣ್ಣೋ ಎಂದು ಅಂದಾಜಿಸಬೇಕು. ಹಲ್ಲು ಮತ್ತು ಬುರುಡೆಯ ಮೂಳೆಗಳು ಕೂಡುವ ಹೊಲಿಗೆಯಂಥ ಗೆರೆಗಳು ವಯಸ್ಸಿನ ಸುಳಿವು ಕೊಡುತ್ತವೆ. ಅಸಲು ಬುರುಡೆಯ ಮೇಲೆ ಮಣ್ಣು ಮೆತ್ತುವುದಿಲ್ಲ, ಅದು ಸಾಕ್ಷ್ಯ. ಅಚ್ಚು ತೆಗೆದು ಪ್ಲಾಸ್ಟರಿನ ಪ್ರತಿ ಮಾಡಿಕೊಳ್ಳುತ್ತೇವೆ, ಇಲ್ಲವೇ ಸಿ.ಟಿ. ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತೇವೆ. ಆಮೇಲೆ ಗೊತ್ತಾದ ಜಾಗಗಳಲ್ಲಿ ಚರ್ಮ, ಮಾಂಸದ ಸರಾಸರಿ ದಪ್ಪಕ್ಕೆ ಕತ್ತರಿಸಿದ ಗೂಟಗಳನ್ನು ಅಂಟಿಸುತ್ತೇವೆ. ಹುಬ್ಬುಗಳ ನಡುವೆ ಅದು ಸುಮಾರು 5 ಮಿಲಿಮೀಟರ್. ಕೆನ್ನೆಯಲ್ಲಿ, ದವಡೆ ಹಲ್ಲಿನ ನೇರಕ್ಕೆ, 20ಕ್ಕೂ ಹೆಚ್ಚು. ಬದುಕಿರುವವರ ಸಿ.ಟಿ. ಸ್ಕ್ಯಾನಿನಿಂದಲೋ ಹೆಣಗಳಿಂದಲೋ ತೆಗೆದ ಈ ಅಳತೆಗಳ ಕೋಷ್ಟಕಗಳಲ್ಲೂ ಗೊಂದಲವಿದೆ. ಸಿ.ಟಿ. ಯಂತ್ರದಲ್ಲಿ ಮಲಗಿದವರ ಕೆನ್ನೆ ಕಿವಿಯ ಕಡೆಗೆ ಜಾರಿರುತ್ತದೆ, ಹೆಣದ ಅಂಗಾಂಶ ಒಣಗಿಯೋ ಊದಿಕೊಂಡೋ ಇರುತ್ತದೆ. ಯಾವ ಕೋಷ್ಟಕವನ್ನು ಆರಿಸಿಕೊಂಡಿರಿ, ಏಕೆ ಆರಿಸಿಕೊಂಡಿರಿ ಎಂಬುದಕ್ಕೆ ನಿಮ್ಮ ಬಳಿ ಉತ್ತರವಿರಬೇಕು.

ಗೂಟಗಳ ನಡುವೆ ದವಡೆಯ, ಕಣತಲೆಯ ಸ್ನಾಯುಗಳು ಒಂದೊಂದಾಗಿ ಕೂರುತ್ತವೆ. ಮೂಗಿನ ತುದಿ ಬರೀ ಮೃದ್ವಸ್ಥಿಯಾದ್ದರಿಂದ ಬುರುಡೆಯಲ್ಲಿ ಉಳಿದಿರುವುದಿಲ್ಲ. ಮೂಗಿನ ಮೂಳೆಯ ಕೊನೆಯಿಂದ ಒಂದು ಗೆರೆ, ಮೂಗಿನ ಕುಳಿಯ ಬುಡದಲ್ಲಿರುವ ಸಣ್ಣ ಮುಳ್ಳಿನಿಂದ ಇನ್ನೊಂದು ಗೆರೆ ಎಳೆದು ಅವು ಕೂಡುವಲ್ಲಿ ತುದಿಯಿಟ್ಟವರು ರಷ್ಯಾದ ಮಿಖಾಯಿಲ್ ಗೆರಾಸಿಮೋವ್. ಸಮರಕಂದದಲ್ಲಿ 1941ರ ಜೂನ್‌ನಲ್ಲಿ ಮಧ್ಯ ಏಷ್ಯಾದ ದೊರೆ ತೈಮೂರನ ಗೋರಿ ತೆಗೆದು ಅವನ ಮುಖ ಕಟ್ಟಿದವರೂ ಇವರೇ. (ಗೋರಿ ತೆರೆದ ಬೆನ್ನಿಗೇ, ಅದರ ಶಾಪದಿಂದಲೇ ಹಿಟ್ಲರ್ ರಷ್ಯಾದ ಮೇಲೆ ಬಿದ್ದನಂತೆ ಎಂಬ ಕಥೆಯನ್ನು ಪ್ರತಿ ವರ್ಷವೂ ಒಬ್ಬ ವಿದ್ಯಾರ್ಥಿ ನನಗೆ ಹೇಳುತ್ತಾನೆ. ಅಷ್ಟು ದೊಡ್ಡ ಸೇನೆ ಎರಡು ದಿನದಲ್ಲಿ ಗಡಿಗೆ ಬಂದು ನಿಲ್ಲುವುದಿಲ್ಲಪ್ಪ ಎಂದು ನಾನೂ ಪ್ರತಿ ವರ್ಷ ಹೇಳುತ್ತೇನೆ.) ತುಟಿಯ ದಪ್ಪ, ಕಿವಿಯ ಆಕಾರ, ಮೈಬಣ್ಣ, ಬೊಜ್ಜು, ಕೂದಲು ಇವುಗಳ ಬಗ್ಗೆ ಮೂಳೆ ಹೇಳುವುದು ಅಲ್ಪ, ಕೆಲವದರ ಬಗ್ಗೆ ಏನೂ ಇಲ್ಲ. ಗಣಪತಿ ಮಾಡುವವರಿಗೆ ಕೊನೆಗೆ ಬರಬೇಕಾದ ಮುಖ ಮೊದಲೇ ಕಣ್ಣ ಮುಂದಿರುತ್ತದೆ. ನಮ್ಮ ಕೆಲಸದಲ್ಲಿ ಹಾಗೆ ಮೊದಲೇ ಮುಖ ಕಂಡರೆ ಕೆಲಸ ಕೆಟ್ಟಿತೆಂದೇ ಅರ್ಥ.

ಜಗಳವಾಗುವುದೂ ಇಲ್ಲಿಯೇ. ಒಮ್ಮೆ ಒಬ್ಬ ಅಧಿಕಾರಿ, 'ಮೇಡಂ, ಬೋಳು ತಲೆಯ ಬೊಂಬೆಯನ್ನು ಯಾರು ಗುರುತು ಹಿಡಿಯುತ್ತಾರೆ? ಕೂದಲು ಹಾಕಿ, ಬಣ್ಣ ಬಳಿಯಿರಿ' ಎಂದು ಪಟ್ಟು ಹಿಡಿದರು. ಮೂಳೆಯ ಜೊತೆ ಕೂದಲಿನ ಒಂದು ಎಳೆಯೂ ಸಿಕ್ಕಿರಲಿಲ್ಲ. ತಪ್ಪು ಕೇಶವಿನ್ಯಾಸ ಸರಿಯಾದ ದವಡೆಯನ್ನೂ ಮರೆಮಾಡುತ್ತದೆ ಎಂದು ವಾದಿಸಿ, ಕೊನೆಗೆ ಬಣ್ಣವಿಲ್ಲದೆ, ಕೂದಲಿನ ಅಂಚನ್ನು ಮಸುಕಾಗಿಸಿ ಕೊಟ್ಟೆ. ಅವರಿಗೆ ಸಮಾಧಾನವಾಗಲಿಲ್ಲ. ಆದರೆ ವರದಿಗೆ ಸಹಿ ಹಾಕುವವಳು ನಾನು. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಪ್ರಕಾರ ತಜ್ಞಳಾಗಿ ಕಟಕಟೆಯಲ್ಲಿ ನಿಂತಾಗ ಆ ಕೂದಲು ಎಲ್ಲಿಂದ ಬಂತು ಎಂಬ ಪ್ರಶ್ನೆ ಅವರಿಗೆ ಬರುವುದಿಲ್ಲ, ನನಗೆ ಬರುತ್ತದೆ.

ಪುರಾತತ್ವದ ಕಡೆಗೂ ಒಂದು ಬಾಗಿಲಿದೆ. ಹರಿಯಾಣದಲ್ಲಿರುವ ಹರಪ್ಪಾ ನಾಗರಿಕತೆಯ ಊರು ರಾಖಿಗಢಿಯ ಸ್ಮಶಾನದಲ್ಲಿ ಸಿಕ್ಕ, ಸುಮಾರು 4500 ವರ್ಷ ಹಿಂದಿನ ಇಬ್ಬರ ಮುಖಗಳನ್ನು ಸಿ.ಟಿ. ದತ್ತಾಂಶದಿಂದ ರೂಪಿಸಿ 2019ರಲ್ಲಿ ಪ್ರಕಟಿಸಿದ್ದು ಇಲ್ಲಿಯ ಡೆಕ್ಕನ್ ಕಾಲೇಜು ಮತ್ತು ದಕ್ಷಿಣ ಕೊರಿಯಾದ ವಿದ್ವಾಂಸರು ಸೇರಿ. ಅಲ್ಲಿ ನ್ಯಾಯಾಲಯದ ಕಾಟವಿಲ್ಲ. ಬದಲಿಗೆ 'ಇವರು ಯಾರ ಪೂರ್ವಜರು' ಎಂದು ಕಚ್ಚಾಡುವವರ ಕಾಟವಿದೆ.

ಓದಿನ ವಿಷಯ. ಮುಖವನ್ನು ಸದ್ಯಕ್ಕೆ ಮರೆತು ಮೂಳೆಯನ್ನು ಹಿಡಿಯಿರಿ. ಮಾನವಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡುವುದಾದರೆ ಪುಣೆ ವಿಶ್ವವಿದ್ಯಾಲಯವಿದೆ, ಊರಿನ ಹತ್ತಿರ ಕರ್ನಾಟಕ ವಿಶ್ವವಿದ್ಯಾಲಯವಿದೆ. ವಿಧಿವಿಜ್ಞಾನವೇ ಬೇಕೆಂದರೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ಗೋವಾದಲ್ಲೂ ಧಾರವಾಡದಲ್ಲೂ ಕ್ಯಾಂಪಸ್ ತೆರೆದಿದೆ. ಎಲ್ಲಿಗೆ ಸೇರುವ ಮೊದಲೂ ಮೂಳೆಗಳ ಸಂಗ್ರಹ ಎಷ್ಟಿದೆ, ಅದನ್ನು ಮುಟ್ಟಲು ವಿದ್ಯಾರ್ಥಿಗಳಿಗೆ ಬಿಡುತ್ತಾರೆಯೇ ಎಂದು ವಿಚಾರಿಸಿ. ಕಟ್ಟಡದ ಅಂದ ನೋಡಿ ಮರುಳಾಗಬೇಡಿ. ಹಳೆಯ ವೈದ್ಯಕೀಯ ವಿದ್ಯಾರ್ಥಿಗಳಿಂದ ಅಸಲು ಮೂಳೆಗಳ ಬೋನ್ ಸೆಟ್ ಕೊಳ್ಳುವ ಗೊಡವೆ ಬೇಡ, ರಾಳದ ಪ್ರತಿಕೃತಿ ಸಾಕು. ಸ್ಕ್ಯಾನ್ ಚಿತ್ರಗಳಿಂದ ಬುರುಡೆಯ ಆಕೃತಿ ತೆಗೆಯುವ 3ಡಿ ಸ್ಲೈಸರ್, ಅದರ ಮೇಲೆ ಮುಖ ಕಟ್ಟಲು ಬರುವ ಬ್ಲೆಂಡರ್ ಎರಡೂ ಪುಕ್ಕಟೆ ತಂತ್ರಾಂಶಗಳು. ಇವತ್ತೇ ಶುರು ಮಾಡಬಹುದು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ಹಳೆಯ ಸಿ.ಆರ್.ಪಿ.ಸಿ. ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳಿರುವುದರಿಂದ ಈ ಕ್ಷೇತ್ರಕ್ಕೆ ಜನ ಬೇಕಾಗುತ್ತಾರೆ. ಮೂಳೆ ಓದಲು ಬಂದವರಿಗೆ ಅದರಲ್ಲಿ ಒಂದು ಜಾಗ ಸಿಕ್ಕೀತು. ಮುಖ ಮಾತ್ರ ಕಟ್ಟಬಲ್ಲವರಿಗೆ ಕಷ್ಟ.

ಮನೆಯವರಿಗೆ ಹಳೆಯ ಗೋವಾದ ಕಥೆ ಹೇಳಿ. 1624ರಲ್ಲಿ ಪರ್ಷಿಯಾದಲ್ಲಿ ಕೊಲ್ಲಲ್ಪಟ್ಟ ಜಾರ್ಜಿಯಾದ ರಾಣಿ ಕೇತೆವಾನಳ ಅವಶೇಷವನ್ನು ಪಾದ್ರಿಗಳು ಸಂತ ಅಗಸ್ಟೀನರ ಚರ್ಚಿಗೆ ತಂದಿಟ್ಟಿದ್ದರು. ಪಾಳುಬಿದ್ದ ಆ ಚರ್ಚಿನ ಉತ್ಖನನದಲ್ಲಿ ತೋಳಿನ ಒಂದು ಮೂಳೆ ಸಿಕ್ಕಿತು. ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದ (ಸಿ.ಸಿ.ಎಂ.ಬಿ.) ವಿಜ್ಞಾನಿಗಳು ಅದರ ಡಿಎನ್‌ಎ ಪರೀಕ್ಷಿಸಿದರು, 2021ರಲ್ಲಿ ನಮ್ಮ ವಿದೇಶಾಂಗ ಸಚಿವರು ಅವಶೇಷದ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಯ್ದು ಒಪ್ಪಿಸಿದರು. ಬುರುಡೆಯೂ ಇಲ್ಲ, ಮುಖವೂ ಇಲ್ಲ, ಆದರೂ ಒಂದು ದೇಶ ಅದಕ್ಕಾಗಿ ಕಾದಿತ್ತು. ನನ್ನ ಅಮ್ಮ ಇದನ್ನು ಕೇಳಿ 'ಹೆಣದ ಕೆಲಸ' ಎನ್ನುವುದನ್ನು ಬಿಟ್ಟರು. ಮನೆಗೆ ಬಂದ ಕೂಡಲೇ ಸ್ನಾನ ಮಾಡು ಎನ್ನುವುದನ್ನು ಬಿಟ್ಟಿಲ್ಲ.

ಇನ್ನೊಂದು: ಮರಾಠಿಯನ್ನು ಮಾತಾಡುವಷ್ಟಕ್ಕೇ ನಿಲ್ಲಿಸಬೇಡಿ, ಮರಾಠಿಯ ಹಳೆಯ ಮೋಡಿ ಲಿಪಿಯಂತೆ ಕಾಣುವ ಕೈಬರಹದ ಪಂಚನಾಮೆಯನ್ನು ಓದುವಷ್ಟು ಕಲಿಯಿರಿ. ಮೂಳೆ ಯಾವ ಮಣ್ಣಿನಲ್ಲಿ, ಯಾವ ಭಂಗಿಯಲ್ಲಿ, ಯಾವ ಬಟ್ಟೆಯ ಜೊತೆ ಸಿಕ್ಕಿತು ಎಂಬುದೆಲ್ಲ ಅದರಲ್ಲೇ ಇರುತ್ತದೆ.