ಕ್ಯಾಮೆರಾ ಚಿಪ್ ಒಳಗೇ ನೋಡಿ ಅರ್ಥಮಾಡಿಕೊಳ್ಳುವ ಕೆಲಸವನ್ನೂ ಸೇರಿಸುವುದರಿಂದ ಲಾಭ ಇದೆಯಾ?

ಪ್ರಶ್ನೆ: ನಾನು ಇಸಿಇ ಕೊನೆಯ ವರ್ಷದಲ್ಲಿದ್ದೇನೆ. ಕ್ಯಾಮೆರಾಗೆ ಒಂದು ಚಿಪ್, ಎಐಗೆ ಇನ್ನೊಂದು ಚಿಪ್ ಈಗಾಗಲೇ ಇವೆ. ಎರಡನ್ನೂ ಒಂದರಲ್ಲೇ ಸೇರಿಸಿದರೆ ಏನು ಸಿಗುತ್ತದೆ? ಸುಮ್ನೆ ಮಾರ್ಕೆಟಿಂಗ್ ಮಾತಾ? ಪ್ರಾಜೆಕ್ಟ್‌ಗೆ ಇದನ್ನು ತಗೊಳ್ಳಬಹುದಾ?

ಉತ್ತರ:

ಮಾರ್ಕೆಟಿಂಗ್ ಇದೆ, ಇಲ್ಲ ಅನ್ನಲ್ಲ. ಲಾಭವೂ ಇದೆ. ಅದು ಎಲ್ಲಿದೆ ಅಂತ ನೋಡಲು ಎಐ ಬೇಡ, ನಿಮ್ಮ ಆಪ್ಟಿಕಲ್ ಮೌಸ್ ತಿರುಗಿಸಿ ನೋಡಿದರೆ ಸಾಕು. ಆ ತೂತಿನೊಳಗೆ ಇರುವುದು ಪುಟ್ಟ ಕ್ಯಾಮೆರಾ. 1999ರ ಹೊತ್ತಿಗೆ ಬಂದ ಮೌಸ್‌ಗಳ ಚಿಪ್ 16×16 ಪಿಕ್ಸೆಲ್‌ನ ಚಿತ್ರವನ್ನು ಸೆಕೆಂಡಿಗೆ ಸುಮಾರು 1500 ಸಲ ತೆಗೆಯುತ್ತಿತ್ತು. ಅಂದರೆ ಸೆಕೆಂಡಿಗೆ 3,84,000 ಪಿಕ್ಸೆಲ್. ಅದರಲ್ಲಿ ಒಂದು ಚಿತ್ರವೂ ಕಂಪ್ಯೂಟರ್‌ಗೆ ಹೋಗುವುದಿಲ್ಲ. ಹಿಂದಿನ ಚಿತ್ರವನ್ನು ಈಗಿನದರ ಜೊತೆ ಹೋಲಿಸಿ, ಅಡ್ಡಕ್ಕೆ ಎಷ್ಟು ಸರಿಯಿತು, ಉದ್ದಕ್ಕೆ ಎಷ್ಟು ಸರಿಯಿತು ಎಂಬ ಎರಡು ಅಂಕಿಗಳನ್ನಷ್ಟೇ ಚಿಪ್ ಹೊರಗೆ ಕೊಡುತ್ತದೆ. ಇದಕ್ಕೂ ಮುಂಚೆ, 1980ರ ಸುಮಾರಿಗೆ, ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಪಾರ್ಕ್‌ನಲ್ಲಿ ರಿಚರ್ಡ್ ಲಯನ್ ಬರೀ 4×4 ಸೆನ್ಸರ್ ಇಟ್ಟು ಇಂಥದ್ದೇ ಚಿಪ್ ಮಾಡಿದ್ದರು. ಅದಕ್ಕೆ ಚುಕ್ಕಿ ಹಾಕಿದ ವಿಶೇಷ ಪ್ಯಾಡ್ ಬೇಕಿತ್ತು, ಅಷ್ಟೇ. ನೋಡುವುದು, ಲೆಕ್ಕ ಹಾಕುವುದು ಎರಡೂ ಅದೇ ಸಿಲಿಕಾನ್ ಚೂರಿನಲ್ಲಿ ಆಗುತ್ತಿತ್ತು.

ಈಗ ನಿಮ್ಮ ಎರಡು ಚಿಪ್‌ಗಳ ಏರ್ಪಾಡಿಗೆ ಬನ್ನಿ. 1920×1080 ವಿಡಿಯೋ, ಸೆಕೆಂಡಿಗೆ 30 ಫ್ರೇಮ್. ಹೆಚ್ಚುಕಡಿಮೆ 6.2 ಕೋಟಿ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ಗೆ 3 ಬೈಟ್ ಅಂದರೆ ಸೆಕೆಂಡಿಗೆ ಸುಮಾರು 187 ಎಂಬಿ. ಇಷ್ಟೂ ಒಂದು ಚಿಪ್‌ನಿಂದ ಇನ್ನೊಂದಕ್ಕೆ ಹೋಗಬೇಕು, ಮೆಮೊರಿಯಲ್ಲಿ ಕೂರಬೇಕು, ಮತ್ತೆ ಅಲ್ಲಿಂದ ಎದ್ದು ಪ್ರೊಸೆಸರ್‌ಗೆ ಬರಬೇಕು. ಕೊನೆಗೆ ನಿಮಗೆ ಬೇಕಾಗಿದ್ದು ‘ಬಾಗಿಲ ಹತ್ತಿರ ಯಾರಾದರೂ ಬಂದರಾ’ ಎಂಬುದಕ್ಕೆ ಹೌದು ಅಥವಾ ಇಲ್ಲ!

ಕರೆಂಟ್ ಖರ್ಚಾಗುವುದು ಈ ಓಡಾಟಕ್ಕೇ ಜಾಸ್ತಿ. ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಅಂಕಿಗಳನ್ನು ಈ ಕ್ಷೇತ್ರದವರು ಈಗಲೂ ಹೇಳುತ್ತಾರೆ: 45 ನ್ಯಾನೋಮೀಟರ್ ಚಿಪ್‌ನಲ್ಲಿ ಎರಡು 32-ಬಿಟ್ ಪೂರ್ಣಾಂಕ ಕೂಡಲು 0.1 ಪಿಕೊಜೂಲ್ ಶಕ್ತಿ ಸಾಕು (ಒಂದು ಜೂಲ್‌ನ ಲಕ್ಷ ಕೋಟಿಯಲ್ಲಿ ಒಂದು ಭಾಗ ಅಂದರೆ ಒಂದು ಪಿಕೊಜೂಲ್). ಅದೇ ಅಂಕಿಯನ್ನು ಚಿಪ್‌ನ ಹೊರಗಿನ ಮೆಮೊರಿಯಾದ ಡಿರ‍್ಯಾಮ್‌ನಿಂದ ತರಲು ಅದರ ಸಾವಿರಾರು ಪಟ್ಟು ಬೇಕು. ಲೆಕ್ಕ ಅಗ್ಗ, ಸಾಗಣೆ ದುಬಾರಿ. ಆದ್ದರಿಂದ ಬೇಡದ ಡೇಟಾವನ್ನು ಹುಟ್ಟಿದ ಜಾಗದಲ್ಲೇ ಬಿಸಾಡಬೇಕು. ನನ್ನ ಮಟ್ಟಿಗೆ ಇಡೀ ವಿಷಯ ಇರುವುದು ಇಷ್ಟೇ. ‘ಬುದ್ಧಿವಂತ ಸೆನ್ಸರ್’ ಅಂತ ಯಾರಾದರೂ ಹೇಳಿದರೆ, ಅದು ಏನನ್ನು ಬಿಸಾಡುತ್ತದೆ ಅಂತ ಮೊದಲು ಕೇಳಿ.

ಒಂದೇ ಸಿಲಿಕಾನ್‌ನಲ್ಲಿ ಎರಡನ್ನೂ ಇಡುವುದು ಹೇಳಿದಷ್ಟು ಸುಲಭ ಅಲ್ಲ. ಪಿಕ್ಸೆಲ್ ಒಳಗೆ ಟ್ರಾನ್ಸಿಸ್ಟರ್ ತುಂಬಿದಷ್ಟೂ ಬೆಳಕು ಬೀಳುವ ಜಾಗ ಕಡಿಮೆಯಾಗುತ್ತದೆ. ಲೆಕ್ಕ ಹಾಕುವ ಸರ್ಕ್ಯೂಟ್ ಬಿಸಿಯಾದರೆ ಕತ್ತಲೆಯಲ್ಲೂ ಪಿಕ್ಸೆಲ್‌ನಿಂದ ಕರೆಂಟ್ ಸೋರಿ ಚಿತ್ರದಲ್ಲಿ ನಾಯ್ಸ್ ಬರುತ್ತದೆ. ಅದಕ್ಕೇ ಈಗ ಎರಡು ಪದರ ಮಾಡುತ್ತಾರೆ. ಮೇಲೆ ಪಿಕ್ಸೆಲ್, ಕೆಳಗೆ ಲಾಜಿಕ್ (ಲೆಕ್ಕ ಹಾಕುವ ಸರ್ಕ್ಯೂಟ್), ಎರಡನ್ನೂ ಅಂಟಿಸಿ ಒಂದೇ ಚಿಪ್. ಸೋನಿ 2020ರಲ್ಲಿ ತಂದ ಐಎಂಎಕ್ಸ್500 ಹೀಗೆಯೇ ಇದೆ. 12.3 ಮೆಗಾಪಿಕ್ಸೆಲ್. ಬೇಕೆಂದರೆ ಚಿತ್ರವನ್ನೇ ಕೊಡದೆ ‘ಇಲ್ಲೊಬ್ಬ ಮನುಷ್ಯ, ಅಲ್ಲೊಂದು ಕಾರು’ ಅಂತ ಮಾಹಿತಿ ಮಾತ್ರ ಹೊರಗೆ ಬಿಡುತ್ತದೆ. ಖಾಸಗಿತನಕ್ಕೂ ಇದು ಒಳ್ಳೆಯದೇ. ಆದರೆ ಎಐ ಮಾಡೆಲ್‌ಗೆ ಸಿಗುವ ಮೆಮೊರಿ ಸುಮಾರು 8 ಎಂಬಿ. ದೊಡ್ಡ ಮಾಡೆಲ್ ತಂದು ಅದರೊಳಗೆ ತುರುಕುತ್ತೇನೆ ಅಂದರೆ ಆಗಲ್ಲ.

ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ. 1980ರ ದಶಕದ ಕೊನೆಯಲ್ಲಿ ಕ್ಯಾಲ್‌ಟೆಕ್‌ನಲ್ಲಿ ಕಾರ್ವರ್ ಮೀಡ್ ಮತ್ತು ಮಿಶಾ ಮಹೋವಾಲ್ಡ್ ಕಣ್ಣಿನ ಅಕ್ಷಿಪಟಲ ಕೆಲಸ ಮಾಡುವ ರೀತಿಯನ್ನೇ ಅನಲಾಗ್ ಸರ್ಕ್ಯೂಟ್‌ನಲ್ಲಿ ಕಟ್ಟಿದರು. ಅದೇ ವಂಶದ್ದು ಈಗಿನ ಈವೆಂಟ್ ಕ್ಯಾಮೆರಾ. ಜ್ಯೂರಿಕ್‌ನ ಟೋಬಿ ಡೆಲ್‌ಬ್ರುಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಚಿಪ್ 128×128 ಪಿಕ್ಸೆಲ್‌ನದು. ಅದರಲ್ಲಿ ಫ್ರೇಮ್ ಅನ್ನುವುದೇ ಇಲ್ಲ. ಪ್ರತಿ ಪಿಕ್ಸೆಲ್ ತನ್ನ ಪಾಡಿಗೆ ಬೆಳಕನ್ನು ಗಮನಿಸುತ್ತಿರುತ್ತದೆ. ಒಂದು ಮಿತಿ ದಾಟಿ ಬೆಳಕು ಹೆಚ್ಚಿದರೆ ಅಥವಾ ಕಡಿಮೆಯಾದರೆ ಮಾತ್ರ ಬಾಯಿ ಬಿಡುತ್ತದೆ, ಆ ಸುದ್ದಿಯೇ ‘ಈವೆಂಟ್’. 30 ಫ್ರೇಮ್‌ನ ಕ್ಯಾಮೆರಾದಲ್ಲಿ ಎರಡು ಚಿತ್ರಗಳ ನಡುವೆ 33 ಮಿಲಿಸೆಕೆಂಡ್ ಅಂತರ. ಇಲ್ಲಿ ಒಳ್ಳೆ ಬೆಳಕಿದ್ದರೆ ಹತ್ತಾರು ಮೈಕ್ರೋಸೆಕೆಂಡ್‌ಗಳಲ್ಲೇ ಸುದ್ದಿ ಬರುತ್ತದೆ.

ತಮಾಷೆ ಏನಂದರೆ, ಕ್ಯಾಮೆರಾನೂ ಅಲ್ಲಾಡದೆ, ಎದುರಿನ ಮನುಷ್ಯನೂ ಅಲ್ಲಾಡದೆ ಕೂತರೆ ಅದಕ್ಕೆ ಆ ಮನುಷ್ಯ ಕಾಣುವುದೇ ಇಲ್ಲ. ನಮ್ಮ ಕಡೆ ಇನ್ನೊಂದು ಕಾಟ ಇದೆ. ಇಲ್ಲಿನ ಕರೆಂಟ್ 50 ಹರ್ಟ್ಜ್, ಹಳೆಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಈವೆಂಟ್ ಪಿಕ್ಸೆಲ್‌ಗೆ ಚೆನ್ನಾಗಿ ಗೊತ್ತಾಗುತ್ತದೆ. ಏನೂ ನಡೆಯದ ಕೋಣೆಯಿಂದಲೂ ಡೇಟಾ ಸುರಿಯುತ್ತದೆ, ಉಳಿಸಿದ ಕರೆಂಟೆಲ್ಲ ಅಲ್ಲೇ ಹೋಗುತ್ತದೆ.

ಅನಲಾಗ್‌ನ ಹಳೇ ರೋಗವೂ ಇದೆ: ಪಕ್ಕಪಕ್ಕದ ಎರಡು ಟ್ರಾನ್ಸಿಸ್ಟರ್ ಎಂದೂ ಒಂದೇ ಥರ ಇರಲ್ಲ. ಒಂದು ತಲೆಮಾರಿನ ಫ್ಯಾಬ್ರಿಕೇಶನ್‌ಗೆ ಮಾಡಿದ ವಿನ್ಯಾಸವನ್ನು ಮುಂದಿನದಕ್ಕೆ ಒಯ್ಯುವುದೂ ಕಷ್ಟ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಚೇತನ್ ಸಿಂಗ್ ಠಾಕೂರ್ ಅವರ ತಂಡದ ‘ಆರ್ಯಭಟ್-1’ ಅನಲಾಗ್ ಚಿಪ್ ಈ ಎರಡನೇ ತೊಂದರೆಯನ್ನೇ ಹಿಡಿದು ಹೊರಟದ್ದು. ಅದರ ಬಗ್ಗೆ ಓದಿ, ಹತ್ತಿರದಲ್ಲೇ ಇದ್ದಾರೆ.

ಪ್ರಾಜೆಕ್ಟ್ ವಿಚಾರ: ನಿಮ್ಮ ಮಾಡೆಲ್ ತಿಂಗಳಿಗೊಮ್ಮೆ ಬದಲಾಗುವ ಹಾಗಿದ್ದರೆ ಎರಡು ಚಿಪ್‌ಗಳೇ ಇರಲಿ. ಲೆಕ್ಕವನ್ನು ಸರ್ಕ್ಯೂಟ್‌ನಲ್ಲೇ ಕೊರೆದಿದ್ದರೆ ಆಮೇಲೆ ತಿದ್ದಲು ಆಗಲ್ಲ, ಅಲ್ವಾ? ಐಎಂಎಕ್ಸ್500ನಲ್ಲಿ ಮಾಡೆಲ್ ಬದಲಿಸಬಹುದು, ಆದರೆ ಅದು ಆ 8 ಎಂಬಿಯೊಳಗೇ ಹಿಡಿಯಬೇಕು. ಪ್ರಶ್ನೆ ಒಂದೇ, ಬ್ಯಾಟರಿ ಚಿಕ್ಕದು, ಉತ್ತರ ಬೇಗ ಬೇಕು ಅಂತಿದ್ದರೆ ಸೆನ್ಸರ್ ಒಳಗಿನ ದಾರಿ ಹಿಡಿಯಿರಿ. ಐಎಂಎಕ್ಸ್500 ಇರುವ ರಾಸ್ಪ್‌ಬೆರಿ ಪೈ ಎಐ ಕ್ಯಾಮೆರಾ 2024ರಿಂದ ಮಾರಾಟಕ್ಕಿದೆ. ಈವೆಂಟ್ ಕ್ಯಾಮೆರಾ ಕೊಳ್ಳಲು ಮಾತ್ರ ಹೋಗಬೇಡಿ, ವಿದ್ಯಾರ್ಥಿಗಳ ಕೈಗೆ ಎಟುಕುವ ಬೆಲೆ ಅಲ್ಲ. ವಿ2ಇ ಅನ್ನುವ ಉಚಿತ ಸಾಫ್ಟ್‌ವೇರ್ ಮಾಮೂಲಿ ವಿಡಿಯೋವನ್ನೇ ಈವೆಂಟ್‌ಗಳಾಗಿ ಬದಲಾಯಿಸಿ ಕೊಡುತ್ತದೆ, ಮೊದಲು ಅದರಲ್ಲಿ ಆಡಿ ನೋಡಿ.