ರಂಗನತಿಟ್ಟು ಸಾಕು, ಜೂ ಇನ್ನೊಂದ್ಸಲ

ನಮಸ್ಕಾರ ಮೇಡಂ. ನಮ್ಮ ಹಕ್ಕಿ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ನಿನ್ನೆಯೇ ನೋಡಿದ್ದೆ. ಮಕ್ಕಳು ಮಲಗಿದ ಮೇಲೆ ಈಗ ಕೂತು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ಸಂಕ್ರಾಂತಿ ಕಳೆದ ಮೇಲೆ ನೀವು ಬೆಂಗಳೂರಿನಿಂದ ಮೈಸೂರಿಗೆ ಕಾರಿನಲ್ಲಿ ಒಂದೇ ದಿನಕ್ಕೆ ಬಂದು ಹೋಗಬೇಕು. ಐದು ವರ್ಷದ ಮಗಳು, ಎರಡೂವರೆ ವರ್ಷದ ಮಗ, ಮಂಡಿನೋವಿರುವ ಅತ್ತೆ. ಪಟ್ಟಿಯಲ್ಲಿ ರಂಗನತಿಟ್ಟು ಪಕ್ಷಿಧಾಮ, ಜೂ, ಅರಮನೆ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ. ಯಾವ ಕ್ರಮದಲ್ಲಿ ಹೋದರೆ ಎಲ್ಲ ಮುಗಿಯುತ್ತದೆ ಅಂತ ಕೇಳಿದ್ದೀರಿ.

ಯಾವ ಕ್ರಮದಲ್ಲಿ ಹೋದರೂ ಮುಗಿಯುವುದಿಲ್ಲ. ಮೇಲೆ ಒಬ್ಬರು "ಮಕ್ಕಳು ಅಡ್ಜಸ್ಟ್ ಆಗ್ತಾರೆ ಬಿಡಿ" ಅಂತ ಬರೆದಿದ್ದಾರೆ. ಆಗುತ್ತಾರೆ, ಬೆಳಗ್ಗೆ ಹನ್ನೊಂದರ ತನಕ. ನಾನು ಮೈಸೂರಿನವಳು. ಬೆಂಗಳೂರಿನ ನೆಂಟರೆಲ್ಲ ನಮ್ಮ ಮನೆಯಿಂದಲೇ ಊರು ನೋಡಲು ಹೊರಡುವುದು. ಹಾಗಾಗಿ ನಿಮ್ಮ ಪಟ್ಟಿಯಂಥದ್ದೇ ಪಟ್ಟಿ ಹಿಡಿದು ಹೊರಟವರನ್ನು ಕಂಡಿದ್ದೇನೆ. ಸಂಜೆ ನಾಲ್ಕಕ್ಕೆ ಗಂಡ ಹೆಂಡತಿ ಮಾತು ಬಿಟ್ಟು, ಮಕ್ಕಳು ಅತ್ತು ಮುಖ ಕೆಂಪು ಮಾಡಿಕೊಂಡು ವಾಪಸ್ ಬಂದದ್ದನ್ನೂ ಕಂಡಿದ್ದೇನೆ.

ನಮ್ಮದೂ ಒಂದು ಅಂಥ ದಿನ ಇದೆ. ದೊಡ್ಡವನಿಗೆ ಆಗ ಐದು, ಚಿಕ್ಕವಳಿಗೆ ಎರಡು. ನಾದಿನಿ ಮನೆಯವರು ಬಂದಿದ್ದರು. ಬೆಳಗ್ಗೆ ಬೆಟ್ಟ, ಅಲ್ಲಿಂದ ನೇರ ಜೂ. ಅರ್ಧ ಸುತ್ತುವಷ್ಟರಲ್ಲಿ ಚಿಕ್ಕವಳು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಹುಲಿ ಸಿಂಹ ಎಲ್ಲವೂ ಬಂದದ್ದು ಆಮೇಲೆ. ಹೊರಗೆ ಬಂದು ಒಂದು ಹೋಟೆಲಿಗೆ ನುಗ್ಗಿದೆವು. ಊಟ ಬರಲು ಮುಕ್ಕಾಲು ಗಂಟೆ. ಹಸಿದ ದೊಡ್ಡವನಿಗೆ ಸುಮ್ಮನಿರಲಿ ಅಂತ ಐಸ್‌ಕ್ರೀಮ್ ಕೊಡಿಸಿದೆ, ಅದು ನನ್ನದೇ ತಪ್ಪು. ಕೆ.ಆರ್.ಎಸ್. ರಸ್ತೆಯಲ್ಲಿ ಎಲ್ಲ ಹೊರಗೆ ಬಂತು. ಅವತ್ತು ಏನೇನು ನೋಡಿದೆ ಅಂತ ಅವನನ್ನು ಈಗ ಕೇಳಿದರೆ "ಇರುವೆ" ಅನ್ನುತ್ತಾನೆ. ಜೂನಲ್ಲಿ ಒಂದು ಬೆಂಚಿನ ಕೆಳಗೆ ಇರುವೆ ಸಾಲು ನೋಡುತ್ತ ಕೂತಿದ್ದ, ನಾವು ಕೈ ಹಿಡಿದು ಎಳೆದುಕೊಂಡು ಹೋಗಿದ್ದೆವು.

ಆದ್ದರಿಂದ ನನ್ನ ಸಲಹೆ: ರಂಗನತಿಟ್ಟು ಇಟ್ಟುಕೊಳ್ಳಿ, ಜೊತೆಗೆ ಮಧ್ಯಾಹ್ನಕ್ಕೆ ಒಂದು ಸಣ್ಣ ಜಾಗ. ಜೂ ಬಿಡಿ. ಮೈಸೂರಿನ ಜೂ 1892ರದ್ದು, ಚೆನ್ನಾಗಿ ನೋಡಿಕೊಂಡಿದ್ದಾರೆ, ಜಿರಾಫೆ, ಗೊರಿಲ್ಲಾ ಎಲ್ಲ ಇವೆ, ಖಂಡಿತ ನೋಡಬೇಕು. ಆದರೆ ಒಂದು ಸುತ್ತಿಗೆ ಸುಮಾರು ಮೂರು ಕಿಲೋಮೀಟರ್ ನಡಿಗೆ. ಎರಡೂವರೆ ವರ್ಷದವನು ಅದರಲ್ಲಿ ಎರಡು ಕಿಲೋಮೀಟರ್ ನಿಮ್ಮ ಸೊಂಟದ ಮೇಲೇ ಇರುತ್ತಾನೆ. ಅತ್ತೆಯವರಿಗೆ ಬ್ಯಾಟರಿ ಗಾಡಿ ಸಿಗುತ್ತದೆ ನಿಜ, ಆದರೆ ಒಬ್ಬರು ಗಾಡಿಯಲ್ಲಿ, ಉಳಿದವರು ಕಾಲ್ನಡಿಗೆಯಲ್ಲಿ ಅಂತಾದರೆ ಬಂದ ಖುಷಿಯೇ ಹೋಗುತ್ತದೆ ಅಲ್ವಾ? ಜೂಗೆ ಒಂದು ಪೂರ್ತಿ ಬೆಳಗ್ಗೆ ಕೊಡಿ, ಹಿಂದಿನ ರಾತ್ರಿ ಮೈಸೂರಿನಲ್ಲೇ ಉಳಿದು. ಮಂಗಳವಾರ ರಜೆ ಅನ್ನುವುದು ನೆನಪಿರಲಿ.

ರಂಗನತಿಟ್ಟು ಯಾಕೆ ಅಂದರೆ, ಅಲ್ಲಿ ನೀವು ಕೂತಿರುತ್ತೀರಿ, ದೋಣಿಯೇ ನಿಮ್ಮನ್ನು ಹಕ್ಕಿಗಳ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತದೆ. ಮಂಡಿನೋವಿನವರಿಗೂ ಸರಿ, ಪುಟ್ಟ ಕಾಲಿನವರಿಗೂ ಸರಿ. ಜೊತೆಗೆ ಬೆಂಗಳೂರಿನಿಂದ ಬರುವ ದಾರಿಯಲ್ಲೇ ಸಿಗುತ್ತದೆ. ಶ್ರೀರಂಗಪಟ್ಟಣದಿಂದ ಮೂರ್ನಾಲ್ಕು ಕಿಲೋಮೀಟರ್ ಒಳಗೆ, ಮೈಸೂರು ಊರೊಳಗೆ ಹೋಗುವುದೇ ಬೇಡ. ಜನವರಿ ಕೊನೆ ಅಂದರೆ ಬಣ್ಣದ ಕೊಕ್ಕರೆಗಳು ಗೂಡಿನ ಕೆಲಸಕ್ಕೆ ಇಳಿದಿರುವ ಹೊತ್ತು. ಕಡ್ಡಿ ಕಚ್ಚಿಕೊಂಡು ಹಾರುವುದು, ಪಕ್ಕದ ಗೂಡಿನವರ ಜೊತೆ ಜಗಳ, ಎಲ್ಲವೂ ಮಕ್ಕಳಿಗೆ ಬರಿಗಣ್ಣಿಗೇ ಕಾಣುತ್ತದೆ. ಜುಲೈ ಆಗಸ್ಟಿನಲ್ಲಿ ಬರುವವರು ಮಾತ್ರ ಮೊದಲು ವಿಚಾರಿಸಿ ಬನ್ನಿ. ಕೆ.ಆರ್.ಎಸ್.ನಿಂದ ಜಾಸ್ತಿ ನೀರು ಬಿಟ್ಟರೆ ದೋಣಿ ನಿಲ್ಲಿಸುತ್ತಾರೆ.

ದಿನ ಹೀಗಿಟ್ಟುಕೊಳ್ಳಿ. ಬೆಳಗ್ಗೆ ಆರಕ್ಕೆ ಹೊರಡಿ. ಮಕ್ಕಳನ್ನು ಏಳಿಸಿ ಸ್ನಾನ ಮಾಡಿಸಿ ಹೊಸ ಬಟ್ಟೆ ಹಾಕುವ ಉಸಾಬರಿ ಬೇಡ, ರಾತ್ರಿಯೇ ಆರಾಮದ ಹತ್ತಿ ಬಟ್ಟೆ ಹಾಕಿ ಮಲಗಿಸಿ, ಎತ್ತಿಕೊಂಡು ಬಂದು ಕಾರಿನಲ್ಲಿ ಕೂರಿಸಿ. ತೊಡೆ ಮೇಲೆ ಮಾತ್ರ ಬೇಡ. ಮಕ್ಕಳ ಸೀಟು ಅಥವಾ ಬೆಲ್ಟ್ ಕಡ್ಡಾಯ, ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ ಅಂತ 2019ರ ತಿದ್ದುಪಡಿಯಲ್ಲೇ ಇದೆ. ದಂಡದ ಮಾತು ಬಿಡಿ, ಆ ಹೆದ್ದಾರಿಯಲ್ಲಿ ಗಾಡಿಗಳು ಓಡುವ ವೇಗಕ್ಕೆ ಬ್ರೇಕ್ ಹಾಕಿದರೆ ತೊಡೆ ಮೇಲಿನ ಮಗು ಕೈಯಲ್ಲಿ ನಿಲ್ಲುವುದಿಲ್ಲ.

ಹೆದ್ದಾರಿಯ ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. 2023ರಲ್ಲಿ ಹೊಸ ದಾರಿ ಆದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವೂ ಪಕ್ಕಕ್ಕೆ ಉಳಿದವು. ಬೇಗ ತಲುಪುತ್ತೀರಿ, ಆದರೆ ತಟ್ಟೆ ಇಡ್ಲಿ, ಮದ್ದೂರು ವಡೆ ಬೇಕೆಂದರೆ ಹೆದ್ದಾರಿ ಇಳಿದು ಹಳೇ ರಸ್ತೆಗೆ ಹೋಗಬೇಕು. ಮಗಳು "ಅಮ್ಮಾ ಸುಸ್ಸು" ಅಂದರೂ ಅದೇ ಕಥೆ. ಹಾಗಾಗಿ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಪಾಟಿ ಇರಲಿ. ನಗಬೇಡಿ, ನಮ್ಮ ಮನೆಯಲ್ಲಿ ಕಾರಿಗೆ ಸ್ಟೆಪ್ನಿ ಇಲ್ಲದಿದ್ದರೂ ಅದಿಲ್ಲದೆ ಹೊರಡುತ್ತಿರಲಿಲ್ಲ.

ತಿಂಡಿ ಮನೆಯಿಂದಲೇ ತನ್ನಿ. ಇಡ್ಲಿಗೆ ಸ್ವಲ್ಪ ತುಪ್ಪ, ಚಟ್ನಿಪುಡಿ ಸವರಿ ಸ್ಟೀಲ್ ಡಬ್ಬಿಯಲ್ಲಿ ಹಾಕಿದರೆ ಚೆಲ್ಲುವುದಿಲ್ಲ. ಶ್ರೀರಂಗಪಟ್ಟಣ ಬಂತು ಅನ್ನುವಾಗ ನೆರಳು ನೋಡಿ ನಿಲ್ಲಿಸಿ, ತಿಂದು ಮುಗಿಸಿಯೇ ರಂಗನತಿಟ್ಟಿನ ಒಳಗೆ ಹೋಗಿ. ಕೋತಿಗಳ ಕಣ್ಣು ಮಕ್ಕಳ ಕೈಯ ಬಾಳೆಹಣ್ಣಿನ ಮೇಲೇ ಇರುತ್ತದೆ.

ಒಂಬತ್ತರ ಸುಮಾರಿಗೆ ಅಲ್ಲಿದ್ದರೆ ಒಳ್ಳೆಯದು, ಬಿಸಿಲೂ ಕಡಿಮೆ, ಜನವೂ ಕಡಿಮೆ. ಎಲ್ಲರೂ ಒಟ್ಟಿಗೆ ಹೋಗುವ ಮಾಮೂಲಿ ದೋಣಿಯೇ ಸಾಕು. ಫೋಟೊ ತೆಗೆಯುವವರ ಉದ್ದನೆಯ ಸವಾರಿ ಮಕ್ಕಳ ಜೊತೆ ಬೇಡ. ಹತ್ತಿಪ್ಪತ್ತು ನಿಮಿಷ ದಾಟಿದರೆ ಇಳಿಯೋಣ ಅಂತ ಶುರುವಾಗುತ್ತದೆ. ಲೈಫ್ ಜಾಕೆಟ್ ಕೇಳಿ ಹಾಕಿಸಿ. ಮಕ್ಕಳನ್ನು ಅಂಚಿನಲ್ಲಿ ಕೂರಿಸಬೇಡಿ, ಮಧ್ಯದಲ್ಲಿ ಒಬ್ಬೊಬ್ಬರಿಗೆ ಒಬ್ಬೊಬ್ಬ ದೊಡ್ಡವರು. ನೀರಿಗೆ ಕೈ ಹಾಕಬಾರದು ಅಂತ ದೋಣಿ ಹತ್ತುವ ಮೊದಲೇ ಹೇಳಿ, ಹತ್ತಿದ ಮೇಲೆ ಯಾರೂ ಕೇಳುವುದಿಲ್ಲ. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯಿಸುತ್ತ ಮಲಗಿರುತ್ತವೆ. ನಮ್ಮ ಚಿಕ್ಕವಳು ಅದನ್ನು ಬೊಂಬೆ ಅಂದುಕೊಂಡು "ಇದಕ್ಕೆ ಕೀ ಕೊಡಿ" ಅಂತ ದೋಣಿಯಣ್ಣನಿಗೆ ಹೇಳಿದಳು. ಅಷ್ಟರಲ್ಲಿ ಅದು ಸರಕ್ಕನೆ ನೀರಿಗಿಳಿಯಿತು. ಒಂದು ವಾರ ಬಚ್ಚಲಿಗೆ ಹೋಗಲು ಹೆದರಿದಳು, ಅದು ಬೇರೆ ಮಾತು.

ಈ ಗುಂಪಿನಲ್ಲಿ ಎಲ್ಲರೂ ಹಕ್ಕಿ ಹುಚ್ಚಿನವರು, ಅದಕ್ಕೇ ಒಂದು ಮಾತು. ಮಕ್ಕಳಿಗೆ ಇಪ್ಪತ್ತು ಹೆಸರು ಹೇಳಬೇಡಿ. ಬೈನಾಕ್ಯುಲರ್ ಕೂಡ ಈ ವಯಸ್ಸಿಗೆ ಕೈಗೆ ಕೂರುವುದಿಲ್ಲ, ಬರೀ ಜಗಳಕ್ಕೆ ಕಾರಣ. ತಲೆಗೊಂದು ಹಕ್ಕಿ ಹಂಚಿಬಿಡಿ. ನಾನು ಮನೆಯಿಂದ ಒಂದು ಮರದ ಸೌಟು ತೆಗೆದುಕೊಂಡು ಹೋಗಿದ್ದೆ. "ಇಂಥ ಮೂತಿ ಇರುವ ಹಕ್ಕಿ ಹುಡುಕು" ಅಂದೆ ದೊಡ್ಡವನಿಗೆ. ಚಮಚದ ಕೊಕ್ಕಿನ ಹಕ್ಕಿ ಕಂಡಾಗ ಅವನು ಕೂಗಿದ ಕೂಗಿಗೆ ದೋಣಿಯವರೆಲ್ಲ ತಿರುಗಿ ನೋಡಿದರು. ಕೊಕ್ಕನ್ನು ನೀರಿನಲ್ಲಿ ಆ ಕಡೆ ಈ ಕಡೆ ಆಡಿಸಿ ಅದು ಮೀನು ಹುಡುಕುವುದನ್ನು ನೋಡಿದವನು ಮಧ್ಯಾಹ್ನ ಮೊಸರನ್ನದಲ್ಲಿ ಸೌಟು ಹಾಗೇ ಆಡಿಸಿದ. ನಿಮ್ಮ ಮಗಳಿಗೆ ಇದೇ ಹಕ್ಕಿ ಕೊಡಿ. ಚಿಕ್ಕವನಿಗೆ ಹೆಜ್ಜಾರ್ಲೆ (ಪೆಲಿಕನ್) ಸಾಕು, ದೊಡ್ಡದು, ಕೊಕ್ಕಿನ ಕೆಳಗೆ ಚೀಲ ಇದೆ, ಗುರುತು ಸಿಗುತ್ತದೆ. ಮರದಲ್ಲಿ ತಲೆಕೆಳಗಾಗಿ ನೇತಾಡುವ ಬಾವಲಿಗಳು ಕಂಡರೆ ಅದು ಲಾಭ.

ಅತ್ತೆಯವರಿಗೆ ಕಥೆ ಇಷ್ಟವಾದರೆ ಇದನ್ನು ಹೇಳಿ: ಆ ನಡುಗಡ್ಡೆಗಳು ಆದದ್ದು 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟೆ ಕಟ್ಟಿಸಿದ ಮೇಲೆ. ಮೂರು ಶತಮಾನ ಕಳೆದು ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ, ಇದನ್ನು ಕಾಪಾಡಿ ಅಂತ ಮಹಾರಾಜರಿಗೆ ಹೇಳಿದರು, 1940ರಲ್ಲಿ ಪಕ್ಷಿಧಾಮ ಆಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು.

ದೋಣಿಯಿಂದ ಇಳಿದ ಮೇಲೆ ಅರ್ಧ ಗಂಟೆ ಮರಗಳ ಕೆಳಗೆ ಸುಮ್ನೆ ಬಿಡಿ. ಓಡಲಿ, ಎಲೆ ಹೆಕ್ಕಲಿ. ಯಾರೂ ಇದನ್ನು ಪಟ್ಟಿಯಲ್ಲಿ ಹಾಕಿಕೊಳ್ಳುವುದಿಲ್ಲ, ಇಡೀ ದಿನದ ಮುಖ್ಯ ಭಾಗ ಇದೇ. ಹನ್ನೊಂದರ ಹೊತ್ತಿಗೆ ಕಾರು ಹತ್ತಿಸಿ. ನಸುಕಿನಲ್ಲೇ ಹೊರಟ ಚಿಕ್ಕವನು ಐದು ನಿಮಿಷದಲ್ಲಿ ನಿದ್ದೆ ಹೋಗುತ್ತಾನೆ. ಮೈಸೂರಿಗೆ ಅರ್ಧ ಮುಕ್ಕಾಲು ಗಂಟೆ ದಾರಿ. ತಲುಪಿದ ಮೇಲೂ ಅವನು ಮಲಗಿದ್ದರೆ ದಯವಿಟ್ಟು ಏಳಿಸಬೇಡಿ. ನೆರಳಿನಲ್ಲಿ ಕಾರು ನಿಲ್ಲಿಸಿ, ಕಿಟಕಿ ತೆರೆದು, ಒಬ್ಬರು ಅವನ ಜೊತೆ ಕಾರಿನಲ್ಲೇ ಕೂತಿರಲಿ. ಉಳಿದವರು ಕಾಫಿ ಕುಡಿದು ಬನ್ನಿ. ಆ ನಲವತ್ತು ನಿಮಿಷದ ಮೇಲೆ ಸಂಜೆ ನಿಂತಿದೆ.

ಊಟಕ್ಕೆ ಹನ್ನೆರಡೂವರೆಯೊಳಗೆ ಹೋಟೆಲ್ ಸೇರಿ. ಒಂದೂವರೆಗೆ ಹೋದರೆ ಶನಿವಾರ ಭಾನುವಾರ ಜಾಗವೇ ಸಿಗುವುದಿಲ್ಲ. ಕೂತ ತಕ್ಷಣ ಮಕ್ಕಳ ಮೊಸರನ್ನ ಮೊದಲು ಹೇಳಿ, ನಿಮ್ಮದು ಆಮೇಲೆ.

ಮಧ್ಯಾಹ್ನಕ್ಕೆ ರೈಲ್ವೆ ಮ್ಯೂಸಿಯಂ. ರೈಲು ನಿಲ್ದಾಣದ ಹತ್ತಿರ, 1979ರಲ್ಲಿ ಶುರುವಾದದ್ದು. ಹಳೇ ಎಂಜಿನ್‌ಗಳು, ಮಹಾರಾಣಿಯವರ ಬೋಗಿ, ಮಕ್ಕಳಿಗೆ ಪುಟಾಣಿ ರೈಲು. ಚಿಕ್ಕ ಜಾಗ, ಒಂದು ಗಂಟೆಯಲ್ಲಿ ಮುಗಿಯುತ್ತದೆ, ಅತ್ತೆಯವರು ಒಂದು ಕಡೆ ಕೂತರೂ ಎಲ್ಲರೂ ಕಣ್ಣಳತೆಯಲ್ಲೇ ಇರುತ್ತಾರೆ. ಮಕ್ಕಳಿಗೆ ರೈಲಿನ ಮೇಲೆ ಆಸೆ ಇಲ್ಲದಿದ್ದರೆ ಕಾರಂಜಿ ಕೆರೆ. ಒಳಗೆ ನಡೆದೇ ಹೋಗುವಂಥ ದೊಡ್ಡ ಹಕ್ಕಿಮನೆ ಇದೆ. ಎರಡರಲ್ಲಿ ಒಂದು, ಎರಡೂ ಅಲ್ಲ.

ಅರಮನೆ ಒಳಗೆ ಈ ವಯಸ್ಸಿಗೆ ಬೇಡ. ಚಪ್ಪಲಿ ಬಿಟ್ಟು, ಸಾಲಿನಲ್ಲಿ ತಳ್ಳಿಸಿಕೊಂಡು, ಮುಟ್ಟಬೇಡ ಮುಟ್ಟಬೇಡ ಅನ್ನುತ್ತ ಹೋಗುವುದರಲ್ಲಿ ಚಿಕ್ಕವನಿಗೆ ಕಾಣುವುದು ಜನರ ಮೊಣಕಾಲು. ದೀಪ ನೋಡುವುದು ಬೇರೆ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳಕ್ಕೆ, ಸುಮಾರು ಒಂದು ಲಕ್ಷ ಬಲ್ಬು ಒಂದೇ ಸಲ ಹತ್ತುತ್ತವೆ. ನಾನು ಇಲ್ಲೇ ಹುಟ್ಟಿ ಬೆಳೆದವಳು, ನನಗೆ ಈಗಲೂ ಆ ಒಂದು ಕ್ಷಣ "ಹಾ" ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ: ಏಳೂಕಾಲಿಗೆ ಹೊರಟರೂ ಭಾನುವಾರ ರಾತ್ರಿ ಕೆಂಗೇರಿ ಕಡೆಯ ಸಾಲು ದಾಟಿ ಮನೆ ಸೇರುವಾಗ ಹತ್ತೂವರೆ ಹನ್ನೊಂದು. ದೀಪ ಬೇಕೇ ಬೇಕು ಅಂದರೆ ಆರಕ್ಕೇ ಮಕ್ಕಳಿಗೆ ಇಡ್ಲಿ ತಿನ್ನಿಸಿ, ಮೈ ಒರೆಸಿ, ಮಲಗುವ ಬಟ್ಟೆ ಹಾಕಿಯೇ ದೀಪಕ್ಕೆ ಕರೆದುಕೊಂಡು ಹೋಗಿ. ಆಮೇಲೆ ಕಾರಿನಿಂದ ನೇರ ಹಾಸಿಗೆಗೆ. ನಾನಾಗಿದ್ದರೆ ಶನಿವಾರ ಬಂದು, ದೀಪ ಬಿಟ್ಟು, ನಾಲ್ಕಕ್ಕೆ ಹೊರಡುತ್ತಿದ್ದೆ.

ಬೃಂದಾವನ ಬೇಡ. ಅಲ್ಲಿನ ನೀರಿನ ಕಾರಂಜಿ ಶುರುವಾಗುವುದು ಕತ್ತಲಾದ ಮೇಲೆ, ಅದೂ ತುಂಬ ನಡೆದ ಮೇಲೆ, ಗುಂಪಿನಲ್ಲಿ ಮಕ್ಕಳ ಕೈ ಬಿಟ್ಟುಹೋಗುವ ಜಾಗ. ಹಾಗೇ ಶ್ರೀರಂಗಪಟ್ಟಣದಲ್ಲಿ ಯಾರಾದರೂ "ಸಂಗಮದಲ್ಲಿ ಕಾಲು ನೆನೆಸಿ ಬನ್ನಿ" ಅಂದರೆ ಮಕ್ಕಳನ್ನು ನೀರಿಗೆ ಇಳಿಸಬೇಡಿ. ಪಾಚಿಕಟ್ಟಿದ ಬಂಡೆ, ಮೇಲಿಂದ ನೀರು ಬಿಟ್ಟರೆ ನೋಡುತ್ತಿದ್ದಂತೆ ಏರುತ್ತದೆ.

ಚೂರು ಪಾರು ಉಳಿದದ್ದು: ಇಬ್ಬರಿಗೂ ದೂರದಿಂದ ಕಾಣುವ ಬಣ್ಣದ ಬಟ್ಟೆ, ಹೊರಡುವಾಗ ಅದೇ ಬಟ್ಟೆಯಲ್ಲಿ ಒಂದು ಫೋಟೊ. ಕಳೆದುಹೋದರೆ "ನೀಲಿ ಅಂಗಿ" ಅಂತ ಹೇಳುವುದಕ್ಕಿಂತ ಫೋಟೊ ತೋರಿಸುವುದು ಬೇಗ. ಚಿಕ್ಕವನ ಜೇಬಿನಲ್ಲಿ ನಿಮ್ಮ ನಂಬರಿನ ಚೀಟಿ. ಎರಡು ಜೊತೆ ಹೆಚ್ಚಿಗೆ ಬಟ್ಟೆ ಮಕ್ಕಳಿಗೆ, ಒಂದು ಜೊತೆ ನಿಮಗೂ. ಇದನ್ನು ಎಲ್ಲರೂ ಮರೆಯುತ್ತಾರೆ, ವಾಂತಿ ಆಗುವುದು ನಿಮ್ಮ ಮೇಲೆ.

ಮಗನಿಗೆ ಕಾರಿನಲ್ಲಿ ತಲೆ ಸುತ್ತುವ ಅಭ್ಯಾಸ ಇದ್ದರೆ ತಿಳಿಸಿ. ಹಾಗಾದರೆ ರೈಲೇ ವಾಸಿ. ಐದರೊಳಗಿನವರಿಗೆ ಬೇರೆ ಸೀಟು ಬೇಡ ಅಂದರೆ ಟಿಕೆಟ್ ಇಲ್ಲ, ಮಗಳಿಗೆ ಸೀಟು ಬೇಕೆಂದರೆ ಪೂರ್ತಿ ಟಿಕೆಟ್. ಶ್ರೀರಂಗಪಟ್ಟಣದಲ್ಲಿ ನಿಲ್ಲುವ ಗಾಡಿ ನೋಡಿಕೊಂಡು ಹತ್ತಿ, ಅಲ್ಲಿಂದ ಆಟೋದಲ್ಲಿ ಹೋಗಬಹುದು. ಮದ್ದೂರು ವಡೆಯೂ ಕೂತಲ್ಲಿಗೇ ಬರುತ್ತದೆ.

ಹೋಗುವ ದಿನ ಗೊತ್ತಾದರೆ ಇಲ್ಲೇ ಹಾಕಿ. ಆ ವಾರ ನಮ್ಮನೆಯವರು ರಂಗನತಿಟ್ಟಿಗೆ ಹೋದರೆ ಯಾವ ಮರದಲ್ಲಿ ಗೂಡು ಜಾಸ್ತಿ ಇದೆ ಅಂತ ಫೋಟೊ ಸಮೇತ ಹಾಕುತ್ತೇನೆ. ಸೌಟು ಮರೆಯಬೇಡಿ.