ನಾಗಾವಿ ಘಟಿಕಾಸ್ಥಾನ: ಶಾಸನ ಓದಿಕೊಂಡು ಹೋಗಿ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯಿಂದ ಒಂದೇ ದಿನದಲ್ಲಿ ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಗೆ ಹೋಗಿ ಬರಬಹುದೇ, ಹಳೆಯ ವಿಶ್ವವಿದ್ಯಾಲಯ ಅನ್ನುವಂಥದ್ದು ಅಲ್ಲಿ ಏನು ಉಳಿದಿದೆ ಎಂದು ಕೇಳಿದ್ದೀರಿ. ಖಂಡಿತ ಹೋಗಿ ಬರಬಹುದು. ಆದರೆ ಶಾಸನದ ಸಾರಾಂಶ ಓದಿಕೊಳ್ಳದೆ ಹೋದರೆ ಕಾಣುವುದು ಬರೀ ಕಂಬಸಾಲು.

ಮೊದಲು ದಾರಿ. ಅಕ್ಕಲಕೋಟ ರೋಡ್ ಸ್ಟೇಷನ್ನಿನಿಂದ ಬೆಳಗಿನ ಗಾಡಿ ಹಿಡಿಯಿರಿ. ವಾಡಿ ಜಂಕ್ಷನ್ನಿನಲ್ಲಿ ಹಳಿ ಕವಲೊಡೆದು ಒಂದು ರಾಯಚೂರಿಗೆ, ಇನ್ನೊಂದು ಚಿತ್ತಾಪುರ, ಸೇಡಂ ಮೇಲೆ ಸಿಕಂದರಾಬಾದಿಗೆ ಹೋಗುತ್ತದೆ. ಹೈದರಾಬಾದ್ ಕಡೆಯ ಗಾಡಿಯಾದರೂ ಎಲ್ಲವೂ ಚಿತ್ತಾಪುರದಲ್ಲಿ ನಿಲ್ಲುವುದಿಲ್ಲ. ಅದಕ್ಕೇ ವಾಡಿಗೂ ಮೊದಲು ಸಿಗುವ ಕಲಬುರಗಿಯಲ್ಲಿ ಇಳಿದು ಚಿತ್ತಾಪುರದ ಬಸ್ಸು ಹತ್ತುವುದೇ ನೆಮ್ಮದಿ. ಚಿತ್ತಾಪುರದಲ್ಲಿ ಆಟೊದವರಿಗೆ 'ನಾಗಾವಿ ಯಲ್ಲಮ್ಮನ ಗುಡಿ' ಅನ್ನಿ, ಬೇಗ ತಿಳಿಯುತ್ತದೆ. ಅಲ್ಲಿಂದ ಅರವತ್ತು ಕಂಬದ ಗುಡಿ ಕೇಳಿಕೊಂಡು ಹೋಗಿ.

ಇನ್ನು ಶಾಸನ. ಕ್ರಿ.ಶ. 1058, ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲ. ಅವನ ದಂಡನಾಯಕ ಮಧುಸೂದನ ಇಲ್ಲಿ ತ್ರೈಪುರುಷ (ಬ್ರಹ್ಮ, ವಿಷ್ಣು, ಶಿವ) ದೇವಾಲಯವನ್ನೂ ಅದಕ್ಕೆ ಸೇರಿದಂತೆ ಘಟಿಕಾಶಾಲೆಯನ್ನೂ, ಅಂದರೆ ಉನ್ನತ ವಿದ್ಯೆಯ ಶಾಲೆಯನ್ನೂ, ಕಟ್ಟಿಸಿದ. ವೇದ ಓದುವವರು 200, ಶಾಸ್ತ್ರ ಓದುವವರು 52. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಶಾಸ್ತ್ರದ ಮೂವರಲ್ಲಿ ಒಬ್ಬರು ಭಾಟ್ಟ ಮೀಮಾಂಸೆ, ಒಬ್ಬರು ಪ್ರಾಭಾಕರ ಮೀಮಾಂಸೆ, ಇನ್ನೊಬ್ಬರು ನ್ಯಾಸ, ಅಂದರೆ ವ್ಯಾಕರಣ. ಮೀಮಾಂಸೆಯೆಂದರೆ ವೇದವಾಕ್ಯಗಳ ಅರ್ಥ ವಿಚಾರಿಸುವ ಶಾಸ್ತ್ರ. ಅದರ ಎರಡು ಪಂಥಗಳಾದ ಭಾಟ್ಟರೂ ಪ್ರಾಭಾಕರರೂ ವಾದದಲ್ಲಿ ಎದುರಾಳಿಗಳು. ಇಬ್ಬರನ್ನೂ ಒಂದೇ ಶಾಲೆಯಲ್ಲಿ ಕೂರಿಸಿದ್ದು ನನಗಂತೂ ದೊಡ್ಡ ವಿಷಯ. ಮಕ್ಕಳು ಜೊತೆಗಿದ್ದರೆ, ಇವೆಲ್ಲಕ್ಕಿಂತ ಅವರಿಗೆ ತಪ್ಪದೆ ಹೇಳಬೇಕಾದ್ದು ಆರು ಮಂದಿ 'ಸರಸ್ವತೀ ಭಂಡಾರಿ'ಗಳ ಸಂಗತಿ. ಸರಸ್ವತೀ ಭಂಡಾರವೆಂದರೆ ಪುಸ್ತಕ ಭಂಡಾರ. ಆರು ಉಪಾಧ್ಯಾಯರಿಗೆ ಆರು ಭಂಡಾರಿಗಳು! ತಾಳೆಗರಿಯನ್ನು ಹುಳ, ತೇವಗಳಿಂದ ಕಾಯಬೇಕು, ಸವೆದದ್ದನ್ನು ಮತ್ತೆ ನಕಲು ಮಾಡಬೇಕು. ಒಬ್ಬರಿಬ್ಬರಿಂದ ಆಗುವ ಕೆಲಸವಲ್ಲ.

ಶಾಸನದ ಕಲ್ಲು ನೋಡಲು ನಡು ಮಧ್ಯಾಹ್ನ ಬೇಡ. ನೆತ್ತಿಯ ಬಿಸಿಲಲ್ಲಿ ಕೊರೆದ ಗೆರೆಗೆ ನೆರಳು ಬೀಳುವುದಿಲ್ಲ, ಅಕ್ಷರ ಕಲ್ಲಿನಲ್ಲೇ ಕರಗಿಹೋಗುತ್ತದೆ. ಫೋನಿನ ಫ್ಲ್ಯಾಶ್ ಹಾಕಿದರೂ ಅದೇ ಗತಿ. ಫ್ಲ್ಯಾಶ್ ಆರಿಸಿ, ಇನ್ನೊಂದು ಫೋನಿನ ಟಾರ್ಚನ್ನು ಕಲ್ಲಿನ ಬದಿಗೆ ಹೆಚ್ಚುಕಡಿಮೆ ತಾಗಿಸಿ ಅಡ್ಡಲಾಗಿ ಹಿಡಿಯಿರಿ. ದುಂಡನೆಯ ಹಳಗನ್ನಡ ಅಕ್ಷರ ಒಂದೊಂದಾಗಿ ಮೇಲೇಳುತ್ತದೆ. ಸುಣ್ಣದ ಕಡ್ಡಿ, ಹಿಟ್ಟು, ಎಣ್ಣೆ ಹಚ್ಚಬೇಡಿ. ಕಲ್ಲಿನ ಸಣ್ಣ ರಂಧ್ರದೊಳಗೆ ಇಳಿದದ್ದು ಹೊರಬರುವುದಿಲ್ಲ. ಶಾಸನ ಸಂಪುಟಗಳಲ್ಲಿ ಹುಡುಕುವಾಗ 'ನಾಗಾಯಿ' ಎಂದು ನೋಡಿ, ಅಲ್ಲಿ ಊರು ಆ ಹೆಸರಿನಲ್ಲಿದೆ.

ನಿಮ್ಮ ಸೊಲ್ಲಾಪುರ ಗಡಿಗೆ ಇನ್ನೂ ಹತ್ತಿರದ್ದು ಇಂಡಿ ತಾಲೂಕಿನ ಸಾಲೋಟಗಿ. ಅದರ ಕ್ರಿ.ಶ. 945ರ ಶಾಸನವನ್ನೂ ಓದಿಕೊಳ್ಳಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆ ಅದು. ವಿದ್ಯಾರ್ಥಿಗಳಿಗೆ 27 ಮನೆ, ದೀಪದ ಖರ್ಚಿಗೇ 12 ನಿವರ್ತನ (ಹಳೆಯ ಭೂಅಳತೆ) ಭೂಮಿ. ಊರಲ್ಲಿ ಮದುವೆಯಾದರೆ ಶಾಲೆಗೆ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ, ಅಂದರೆ ಮಗುವಿನ ಮೊದಲ ಕೂದಲು ತೆಗೆಸುವುದಕ್ಕೆ, ಒಂದೂವರೆ ಸಲ್ಲಬೇಕಿತ್ತು.